ಗೆದ್ದ ಮೇಲೆ ಕೋಣೆಯೊಳಗೆ ಯಾರು?



ಓಟಿಗೆ ಮುಂಚೆ ನಮ್ಮ ಕೇರಿಗೆ ಜೀಪು ಬರುತ್ತದೆ. ಎಣಿಕೆಯ ಮಾರನೇ ದಿನ ಬರುವುದಿಲ್ಲ. ಗೆದ್ದ ದಿನದಿಂದ ಕುರ್ಚಿ ಹತ್ತುವ ದಿನದವರೆಗೆ ಒಳಗೆ ಏನು ನಡೀತದೆ ಅಂತ ನಾವು ಕೇಳುವುದೂ ಇಲ್ಲ. ಆದರೆ ಕೊಟ್ಟ ಮಾತು ಬದುಕೋದೂ ಸಾಯೋದೂ ಆ ದಿನಗಳಲ್ಲೇ.

ಅಮೆರಿಕದಲ್ಲಿ ನವೆಂಬರಿನಲ್ಲಿ ಗೆದ್ದವನು ಜನವರಿ 20ಕ್ಕೆ ಅಧಿಕಾರ ಹಿಡಿಯುತ್ತಾನೆ. ನಡುವೆ ಅವನ ತಂಡ ಇಲಾಖೆ ಇಲಾಖೆಗೆ ಹೋಗಿ ಲೆಕ್ಕ ನೋಡುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. 2023ರ ಮೇ 13ರಂದು ಕಾಂಗ್ರೆಸ್ 135 ಸೀಟು ಗೆದ್ದಿತು. ಮೇ 20ಕ್ಕೆ ಪ್ರಮಾಣವಚನ. ನಡುವಿನ ದಿನಗಳು ಸಿದ್ದರಾಮಯ್ಯನವರೋ ಡಿ.ಕೆ. ಶಿವಕುಮಾರರೋ ಅನ್ನುವ ದೆಹಲಿಯ ಮಾತುಕತೆಗೇ ಹೋದವು. ಪ್ರಮಾಣವಚನದ ದಿನವೇ ಸಂಪುಟ ಸೇರಿ ಐದು ಗ್ಯಾರಂಟಿಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು.

ಮಾತು ತಪ್ಪಿದರು ಅಂತ ನಾವು ಹೇಳುವುದಿಲ್ಲ. ಜೂನ್ 11ಕ್ಕೆ ಹೆಂಗಸರ ಉಚಿತ ಬಸ್ಸು ಹೊರಟಿತು. ಆಗಸ್ಟ್ 30ಕ್ಕೆ ಎರಡು ಸಾವಿರದ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ಅಕ್ಕಿ ಸಿಗದಿದ್ದಾಗ ಐದು ಕೆಜಿಯ ಬದಲು ತಲೆಗೆ 170 ರೂಪಾಯಿ ಕೊಟ್ಟರು. ಕೂಲಿ ಮಾಡುವ ತಾಯಿಯ ಕೈಗೆ ಬಂದ ದುಡ್ಡನ್ನು ಬಿಟ್ಟಿ ಅಂತ ಹಂಗಿಸುವವರ ಜೊತೆ ನಾವಿಲ್ಲ.

ನಮ್ಮ ಪ್ರಶ್ನೆ ಬೇರೆ. ದುಡ್ಡು ಯಾರದು?

ಜನಸಂಖ್ಯೆಗೆ ತಕ್ಕಂತೆ, ಅಂದರೆ ನೂರಕ್ಕೆ 24.1 ಪಾಲು, ಪರಿಶಿಷ್ಟರಿಗೆ ಇಡಬೇಕು ಅಂತ 2013ರಲ್ಲಿ ಕಾಯ್ದೆ ತಂದದ್ದು ಇದೇ ಸಿದ್ದರಾಮಯ್ಯನವರ ಸರಕಾರ. ಒಳ್ಳೆಯ ಕಾಯ್ದೆ. ಆದರೆ ಆ ಹಣದಲ್ಲೇ 2023-24ಕ್ಕೆ ಸುಮಾರು 11 ಸಾವಿರ ಕೋಟಿ, 2024-25ಕ್ಕೆ ಸುಮಾರು 14 ಸಾವಿರ ಕೋಟಿ ಗ್ಯಾರಂಟಿಗೆ ತೆಗೆದಿಟ್ಟರು. ಪರಿಶಿಷ್ಟರ ಮನೆಗೇ ಹೋಗಿದೆಯಲ್ಲ ಅನ್ನುತ್ತಾರೆ. ಸ್ವಾಮಿ, ಊರಿಗೆಲ್ಲ ಊಟ ಹಾಕಿದಾಗ ನಮ್ಮ ಎಲೆಗೆ ಬಿದ್ದದ್ದು ನಮ್ಮ ಗಂಟಿನಿಂದಲೇ ಯಾಕೆ? ಆ ಗಂಟು ಇದ್ದದ್ದು ಭೂಮಿಗೆ, ಬಾವಿಗೆ, ಹಾಸ್ಟೆಲಿಗೆ. ಹಣ ಬೇರೆಡೆ ತಿರುಗಿಸಲು ಇದ್ದ 7(ಡಿ) ಅನ್ನುವ ಕಿಂಡಿಯನ್ನು 2023ರಲ್ಲೇ ತೆಗೆದರು. ಕಿಂಡಿ ಮುಚ್ಚಿ ಬಾಗಿಲು ತೆರೆದ ಹಾಗಾಯಿತು.

ಶಿರೂರಿನ ಕಡೆಯಿಂದಲೇ ನೋಡಿ. ಹೆದ್ದಾರಿಯಲ್ಲಿ ಸರಕಾರಿ ಬಸ್ಸು ಓಡುತ್ತದೆ. ಒಳಗಿನ ಊರುಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅದರಲ್ಲಿ ಶಕ್ತಿ ಯೋಜನೆಯ ಚೀಟಿ ನಡೆಯುವುದಿಲ್ಲ. ಕರಾವಳಿಯವರು ಯಾರಾದರೂ ಆ ಕೋಣೆಯಲ್ಲಿ ಕೂತು, ‘ನಮ್ಗೆ ಎಂತ ಸಿಕ್ತ್?’ ಅಂತ ಮೊದಲೇ ಕೇಳಿದ್ದರೆ?

ಕೇಳುವವರು ಕೂತ ಕಾಲವೂ ಒಂದಿತ್ತು. 1972ರಲ್ಲಿ ಗೆದ್ದ ದೇವರಾಜ ಅರಸರು ಭೂಸುಧಾರಣೆಯ ಮಾತನ್ನು 1974ರ ಮಾರ್ಚ್ 1ರಿಂದ ಜಾರಿಗೆ ತಂದರು. ಅದು ಭಾಷಣದಿಂದ ಆದದ್ದಲ್ಲ. ತಾಲೂಕಿಗೆ ಭೂನ್ಯಾಯಮಂಡಳಿ ಬಂತು. ಅದರಲ್ಲಿ ಅಧಿಕಾರಿಯ ಪಕ್ಕ ನಾಲ್ವರು ಹೊರಗಿನವರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟರು ಇರಲೇಬೇಕು ಅಂತ ಕಾಯ್ದೆಯಲ್ಲೇ ಬರೆದರು. ವಕೀಲರಿಗೆ ಆಗ ಪ್ರವೇಶ ಇರಲಿಲ್ಲ. ಒಕ್ಕಲು ಫಾರಂ ನಂಬರ್ 7 ಹಿಡಿದು ಒಡೆಯನ ಎದುರೇ ನಿಂತು ಮಾತಾಡಿದ. ನಮ್ಮ ಜಿಲ್ಲೆಯ ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳು ಹಾಗೆ ಭೂಮಿ ಪಡೆದರು.

ಆದರೂ ಅಲ್ಲಿ ನಮ್ಮವರು ಹೊರಗುಳಿದರು. ಗೇಣಿಯೇ ಇಲ್ಲದ ಕೂಲಿಯಾಳು ಆ ಫಾರಮಿನಲ್ಲಿ ಏನು ತುಂಬಬೇಕಿತ್ತು? ಬ್ರಿಟಿಷರ ಕಾಲದಲ್ಲಿ ನಮಗೆಂದೇ ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಗಾಗಿ ಇಂದಿಗೂ ಅರ್ಜಿ ಹಿಡಿದು ಅಲೆಯುವವರು ಅವರ ಮಕ್ಕಳೇ. ಮಂಡಳಿಯಲ್ಲಿ ನಮ್ಮವನೊಬ್ಬ ಕೂತರೆ ಸಾಲದು, ಫಾರಂ ಬರೆಯುವಾಗಲೂ ಅವನು ಇರಬೇಕು.

2024ರಲ್ಲಿ ಗ್ಯಾರಂಟಿ ಅನುಷ್ಠಾನಕ್ಕೂ ಸಮಿತಿ ಮಾಡಿದರು. ರಾಜ್ಯಕ್ಕೆ ಎಚ್.ಎಂ. ರೇವಣ್ಣ, ಕೆಳಗೆ ಜಿಲ್ಲೆ, ತಾಲೂಕು ಸಮಿತಿಗಳು. ಪಕ್ಷದ ಕಾರ್ಯಕರ್ತರಿಗೆ ಕುರ್ಚಿ ಸಿಕ್ಕಿತು. ಮಾತು ಕೊಟ್ಟವನ ಮನೆಯವರೇ ಮಾತಿನ ಕಾವಲಿಗೆ ನಿಂತರೆ ತಪ್ಪು ತೋರಿಸುವವರು ಯಾರು?

ಆದ್ದರಿಂದ ನಮ್ಮ ಬೇಡಿಕೆ ಮೂರೇ. ಯಾವ ಪಕ್ಷ ಗೆದ್ದರೂ, ಭರವಸೆಗೆ ಹಣ ಎಲ್ಲಿಂದ ಅನ್ನುವುದನ್ನು ಪ್ರಮಾಣವಚನಕ್ಕೆ ಮುಂಚೆಯೇ ಜನರ ಮುಂದಿಡಲಿ. ತಾಲೂಕು ಸಮಿತಿಗಳಲ್ಲಿ ಪಕ್ಷದ ಚೀಟಿ ಇಲ್ಲದ ಕೂಲಿಕಾರರು, ಹೆಂಗಸರು, ಕೊರಗರು ಕೂರಲಿ. ಪರಿಶಿಷ್ಟರ ಹಣದ ಲೆಕ್ಕವನ್ನು ಕೇರಿಯಲ್ಲೇ ಓದಿ ಹೇಳಲಿ.

ಇದು ತಾನಾಗಿ ಆಗುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ನಮ್ಮ ಕೈಯಲ್ಲಿದೆ. ಹತ್ತು ರೂಪಾಯಿಯ ಅರ್ಜಿ ಸಾಕು. ಬೈಂದೂರು ತಾಲೂಕು ಕಚೇರಿಗೆ ಹೋಗಿ, ಡಿ.ಸಿ. ಮನ್ನಾ ಭೂಮಿ ಯಾವ ಸರ್ವೆ ನಂಬರಿನಲ್ಲಿ ಎಷ್ಟಿದೆ, ಯಾರ ವಶದಲ್ಲಿದೆ ಅಂತ ಬರೆದು ಕೇಳೋಣ. ಬರೆಯಲು ಬಾರದವರಿಗೆ ಓದಿದ ಹುಡುಗರು ಬರೆದುಕೊಡಲಿ. ಒಬ್ಬೊಬ್ಬರೇ ಹೋಗುವುದು ಬೇಡ, ಕೇರಿಯೇ ಹೋಗಲಿ.

ಓಟು ಒಂದು ದಿನದ ಕೆಲಸ. ಲೆಕ್ಕ ಕೇಳುವುದು ಐದು ವರ್ಷದ ಕೆಲಸ.