ಒಂದು ನುಡಿಯ ಒಡೆತನವೂ ಒಂದು ವೇದಿಕೆಯ ಹಕ್ಕೂ

1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸನ್ನು ಸಾರಿದ ಭಾಷಣ ಲೋಕಪ್ರಸಿದ್ಧ. ಅದರಲ್ಲಿ ಮತ್ತೆ ಮತ್ತೆ ಮರಳುವ ಆ ನುಡಿಯನ್ನು ಅದಕ್ಕೂ ಮೊದಲು, 1962ರಲ್ಲಿ, ಪ್ರಾಥಿಯಾ ಹಾಲ್ ಎಂಬ ತರುಣಿ ಪ್ರಾರ್ಥನೆಯೊಂದರಲ್ಲಿ ಬಳಸಿದ್ದರೆಂದು ಕಿಂಗ್ ಅವರ ಒಡನಾಡಿ ಜೇಮ್ಸ್ ಬೆವೆಲ್ ಸ್ಮರಿಸಿದ್ದಾರೆ. ಇಂದು ಹಾಲ್ ಅವರ ಹೆಸರು ಕೇಳಿಬರುವುದು ಬಹುಮಟ್ಟಿಗೆ ಈ ಕಾರಣಕ್ಕಾಗಿಯೇ. ಇದು ನ್ಯಾಯದಂತೆ ತೋರಿದರೂ ಅರ್ಧ ನ್ಯಾಯವೆಂದೇ ನನ್ನ ಅಭಿಪ್ರಾಯ.

1940ರಲ್ಲಿ ಫಿಲಡೆಲ್ಫಿಯಾದಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಯ ಮಗಳಾಗಿ ಹುಟ್ಟಿದ ಹಾಲ್, ಪದವಿ ಮುಗಿಸಿದೊಡನೆ ಜಾರ್ಜಿಯಾದ ಟೆರೆಲ್ ಕೌಂಟಿಗೆ ಹೋದರು. ಅಲ್ಲಿ ಕಪ್ಪು ಜನರೇ ಹೆಚ್ಚಿದ್ದರೂ ಮತದಾರರ ಪಟ್ಟಿಯಲ್ಲಿ ಅವರ ಹೆಸರುಗಳು ತೀರ ವಿರಳ. ನೋಂದಣಿ ಅಧಿಕಾರಿಯೇ ಪರೀಕ್ಷಕ. ಅಕ್ಷರ ಬಲ್ಲವರನ್ನೂ ಅನಕ್ಷರಸ್ಥರೆಂದು ತಳ್ಳಿಹಾಕುವ ಅಧಿಕಾರ ಅವನ ಕೈಯಲ್ಲಿತ್ತು. ಸರ್ಕಾರಿ ಮೇಜಿನ ಈಚೆ ಕುಳಿತು ದುಡಿಯುವ ನನಗೆ ಆ ಮೇಜಿನ ಕ್ರೌರ್ಯ ಚೆನ್ನಾಗಿಯೇ ಅರ್ಥವಾಗುತ್ತದೆ: ಅದು ಬಂದೂಕಿಲ್ಲದೆಯೇ ಹಕ್ಕನ್ನು ಕೊಲ್ಲಬಲ್ಲದು. ಟೆರೆಲ್‌ನಲ್ಲಿ ಬಂದೂಕೂ ಇತ್ತು. ಹಾಲ್ ತಂಗಿದ್ದ ಮನೆಯ ಮೇಲೆ ಗುಂಡು ಹಾರಿತು, ಅವರಿಗೆ ಗಾಯವಾಯಿತು. ಚರ್ಚುಗಳು ಸುಟ್ಟುಹೋದವು. ಹಾಗೆ ಸುಟ್ಟ ಚರ್ಚೊಂದರ ನೆಲದಲ್ಲಿಯೇ ಅವರು ಆ ಪ್ರಾರ್ಥನೆಯನ್ನು ಸಲ್ಲಿಸಿದ್ದು.

ಅಂದಿನ ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ ಹೆಣ್ಣು ಪ್ರಾರ್ಥಿಸಬಹುದಿತ್ತು. ಆದರೆ ಬೋಧನೆಯ ಪೀಠ ಸಾಮಾನ್ಯವಾಗಿ ಗಂಡಿನದು. ಪ್ರಾರ್ಥನೆ ಗಾಳಿಯಲ್ಲಿ ಕರಗುತ್ತದೆ, ಬೋಧನೆ ಬೋಧಕನ ಹೆಸರಿನಲ್ಲಿ ಉಳಿಯುತ್ತದೆ. ವಾಷಿಂಗ್ಟನ್ನಿನ ಮೆರವಣಿಗೆಯ ದಿನವೂ ಪ್ರಮುಖ ಭಾಷಣಕಾರರ ಸಾಲಿನಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಆದ್ದರಿಂದ ಆ ನುಡಿ ಯಾರದು ಎಂಬುದಕ್ಕಿಂತ ದೊಡ್ಡ ಪ್ರಶ್ನೆ, ನುಡಿಯುವ ಪೀಠ ಯಾರಿಗೆ ದಕ್ಕಿತು ಎಂಬುದು.

ಹಾಲ್ ಬದುಕಿನಲ್ಲೇ ಈ ಪ್ರಶ್ನೆಗೆ ಉತ್ತರವಿದೆ. 1977ರಲ್ಲಿ ಅವರು ಪಾದ್ರಿಯಾಗಿ ದೀಕ್ಷೆ ಪಡೆದರು, ತಂದೆ ಕಟ್ಟಿದ ಮೌಂಟ್ ಶಾರನ್ ಚರ್ಚಿನ ಹೊಣೆ ಹೊತ್ತರು, ಪ್ರಿನ್ಸ್‌ಟನ್ನಿನಲ್ಲಿ ಧರ್ಮಶಾಸ್ತ್ರದ ಡಾಕ್ಟರೇಟ್ ಗಳಿಸಿದರು. 1997ರಲ್ಲಿ ‘ಎಬೊನಿ’ ಪತ್ರಿಕೆ ಶ್ರೇಷ್ಠ ಕಪ್ಪು ಮಹಿಳಾ ಬೋಧಕರ ಪಟ್ಟಿಯಲ್ಲಿ ಅವರಿಗೆ ಅಗ್ರಸ್ಥಾನ ನೀಡಿತು. 2002ರಲ್ಲಿ ಅವರು ತೀರಿಕೊಂಡರು.

ಇಷ್ಟು ದೀರ್ಘವಾದ ಸಾಧನೆಯನ್ನು ಪರರ ಭಾಷಣಕ್ಕೆ ಒದಗಿದ ಒಂದು ನುಡಿಗೆ ಇಳಿಸಿದರೆ, ಅವರನ್ನು ನೆನೆಯುವ ನೆಪದಲ್ಲಿ ಕಿಂಗ್ ಅವರನ್ನೇ ಮತ್ತೊಮ್ಮೆ ನೆನೆದಂತಾಗುತ್ತದೆ. ಹಾಲ್ ಅವರಿಗೆ ಸಲ್ಲಬೇಕಾದುದು ಸಾಲದ ಕೀರ್ತಿಯಲ್ಲ. ಅವರು ತಾವೇ ಹೋರಾಡಿ ಗೆದ್ದ ಆ ಪೀಠ.