ಏರಿಯ ಮೇಲಣ ಹಾದಿ

ಹಳ್ಳಿಯೊಂದು ಪಟ್ಟಣವಾಗಿ ಮಾರ್ಪಡುವಾಗ ಮೊದಲು ಬದಲಾಗುವುವು ಅದರ ದಾರಿಗಳು. ಕಚೇರಿಯ ಫಲಕ ತೂಗುವುದಕ್ಕೆ ಮುನ್ನವೇ ಹೊಲಗಳಲ್ಲಿ ನಿವೇಶನದ ಕಲ್ಲುಗಳು ಏಳುತ್ತವೆ. ಬಂಡಿದಾರಿ ಡಾಂಬರು ಕಾಣುತ್ತದೆ. ಕಾಲುದಾರಿ ಮಾತ್ರ ಯಾರ ಗಮನಕ್ಕೂ ಬಾರದೆ, ಯಾವನೋ ಒಬ್ಬನ ಬೇಲಿಯೊಳಗೆ ಸೇರಿಹೋಗುತ್ತದೆ. ಗೌರಿಬಿದನೂರಿನಿಂದ ಬೇರ್ಪಟ್ಟು ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವೆನಿಸಿದ ಮಂಚೇನಹಳ್ಳಿ ಇಂದು ಇಂಥ ಹೊಸ್ತಿಲಿನಲ್ಲಿ ನಿಂತಿದೆ. ತಾಲ್ಲೂಕು ಕಚೇರಿ, ಬಸ್ ನಿಲ್ದಾಣ, ನ್ಯಾಯಾಲಯ, ಆಸ್ಪತ್ರೆ ಇವೆಲ್ಲ ಎಲ್ಲಿರಬೇಕೆಂಬ ಚರ್ಚೆ ಸಹಜವಾದುದೇ. ಅದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯುಂಟು: ನಡೆಯುವವನಿಗೆ, ಓಡುವವನಿಗೆ ಈ ಊರಿನಲ್ಲಿ ದಾರಿ ಯಾವುದು?

ಓಟವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರಿನ ಚಿತ್ರ. ಕಬ್ಬನ್ ಉದ್ಯಾನದ ನೆರಳು, ಲಾಲ್‌ಬಾಗಿನ ಬಂಡೆ, 2008ರಿಂದ ನಡೆದು ಬಂದಿರುವ ಹತ್ತು ಕಿಲೋಮೀಟರಿನ ದೊಡ್ಡ ಓಟ, ಬೆಲೆಬಾಳುವ ಪಾದರಕ್ಷೆ, ಕೈಗೆ ಕಟ್ಟಿದ ಯಂತ್ರ. ಇದು ಉಳ್ಳವರ ಹವ್ಯಾಸ, ನಮಗೇಕೆ ಎನ್ನುವವರಿದ್ದಾರೆ. ಆದರೆ ಸಣ್ಣ ಊರಿನ ಓಟ ಬೇರೆಯದು. ಇಲ್ಲಿ ನಸುಕಿನಲ್ಲಿ ಓಡುವವನು ಮೈ ಕರಗಿಸಲು ಓಡುವುದಿಲ್ಲ, ಅನ್ನಕ್ಕಾಗಿ ಓಡುತ್ತಾನೆ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಪರೀಕ್ಷೆಯಲ್ಲಿ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಿ ಮುಗಿಸಬೇಕು; ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ. 2022ರಿಂದ ಜಾರಿಯಲ್ಲಿರುವ ಅಗ್ನಿಪಥ ಯೋಜನೆಯ ಸೇನಾ ನೇಮಕಾತಿಗೂ ಓಟವು ದಾಟಲೇಬೇಕಾದ ಬಾಗಿಲು. ಲಿಖಿತ ಪರೀಕ್ಷೆಗೆ ಪುಸ್ತಕ ಕೊಳ್ಳಬಹುದು, ಗ್ರಂಥಾಲಯದಿಂದ ತರಬಹುದು. ಓಟದ ಅಭ್ಯಾಸಕ್ಕೆ ಬೇಕಾದುದು ಒಂದೇ: ವಾಹನ ಬಾರದ, ಸಮನಾದ, ಉದ್ದ ಇಷ್ಟೆಂದು ತಿಳಿದಿರುವ ಒಂದು ಹಾದಿ. ಅದು ಹಣ ಕೊಟ್ಟರೆ ದೊರೆಯುವ ವಸ್ತುವಲ್ಲ. ಊರೇ ಕೊಡಬೇಕು.

ಬದುಕಿನ ದಾರಿಯನ್ನು ಕಾಲಿನಿಂದಲೇ ಅಳೆದವರು ಈ ಸೀಮೆಗೆ ಹೊಸಬರಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆತನದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1935ರಲ್ಲಿ ಓದಿನ ಆಸೆಯಿಂದ ಬೆಂಗಳೂರಿಗೆ ಹೊರಟಾಗ ಅವರ ಬಳಿ ಪ್ರಯಾಣದ ವೆಚ್ಚಕ್ಕೆ ಹಣವಿರಲಿಲ್ಲ. ಸುಮಾರು 85 ಕಿಲೋಮೀಟರನ್ನು ಎರಡು ದಿನಗಳಲ್ಲಿ ನಡೆದು ಅವರು ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ಹೋರಾಟದ ಹಾದಿ’. ಆ ಬಾಲಕ ನಡೆದ ಕಾಲದಲ್ಲಿ ರಸ್ತೆ ನಡೆಯುವವರದಾಗಿತ್ತು. ಮೋಟಾರು ಅಪರೂಪದ ಅತಿಥಿ. ಇಂದು ಅದೇ ವಯಸ್ಸಿನ ಹುಡುಗ ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ಹೆದ್ದಾರಿಯ ಅಂಚಿನಲ್ಲಿ ಓಡಬೇಕಾದರೆ, ಕತ್ತಲು ಹರಿಯುವ ಮುನ್ನ ಸಾಗುವ ಲಾರಿಗಳ ಬೆಳಕಿಗೆ ಕಣ್ಣು ಕೋರೈಸಿಕೊಂಡು, ಮಣ್ಣಿನ ಅಂಚಿಗೂ ಡಾಂಬರಿಗೂ ನಡುವೆ ಕಾಲು ಹುಡುಕಬೇಕು. ಹೆಣ್ಣುಮಗಳಾದರೆ ಅಷ್ಟು ಹೊತ್ತಿಗೆ ಹೊರಡಲು ಮನೆಯವರ ಅಪ್ಪಣೆ ಸಿಗುವುದೇ ಕಷ್ಟ. ಹೀಗೆ ದಾರಿಯಿಲ್ಲದ ಕಾರಣದಿಂದಲೇ ಪರೀಕ್ಷೆಗೆ ಮೊದಲೇ ಸೋಲುವವರ ಲೆಕ್ಕವನ್ನು ಯಾವ ಇಲಾಖೆಯೂ ಇಡುವುದಿಲ್ಲ. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯವು ಪಾದಚಾರಿಗಳಿಗೆ ಕಾಲುಹಾದಿಯ ಬಳಕೆಯು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಎತ್ತಿಹಿಡಿಯಿತು. ಹಕ್ಕು ನಿರ್ಣಯವಾಗಿದೆ, ಹಾದಿಯನ್ನು ಗುರುತಿಸುವ ಕೆಲಸ ನಮ್ಮದಾಗಿ ಉಳಿದಿದೆ.

ಹಾಗಾದರೆ ಪ್ರತಿಯೊಂದು ಸಣ್ಣ ಪಟ್ಟಣಕ್ಕೂ ಒಂದು ಕಬ್ಬನ್ ಉದ್ಯಾನ ಬೇಕೇ? ಆ ಉದ್ಯಾನ 1870ರಲ್ಲಿ ರಿಚರ್ಡ್ ಸ್ಯಾಂಕಿಯ ಯೋಜನೆಯಂತೆ ರೂಪುಗೊಂಡಿತು. ಅದರ ಹಿಂದೆ ಒಂದು ಸರ್ಕಾರದ ಬೊಕ್ಕಸವಿತ್ತು. ನಮಗೆ ಆ ಅನುಕರಣೆ ಬೇಡ. ‘ಪಾರ್ಕು’ ಎಂಬ ಮಾತು ನಮ್ಮಲ್ಲಿ ಬರುವುದಕ್ಕೆ ಎಷ್ಟೋ ಮೊದಲು ಗುಂಡುತೋಪು ಎಂಬ ಮಾತಿತ್ತು. ಊರ ಹೊರಗಿನ ಮಾವು, ಹುಣಿಸೆ, ಹೊಂಗೆಗಳ ಆ ನೆರಳು ಯಾರೊಬ್ಬನ ಸೊತ್ತೂ ಅಲ್ಲ. ದಾರಿಹೋಕನ ವಿಶ್ರಾಂತಿಗೂ ಜಾತ್ರೆಯ ಬಂಡಿಗಳ ತಂಗುವಿಕೆಗೂ ಅದು ಮೀಸಲು. ಕಂದಾಯ ಇಲಾಖೆಯ ಗ್ರಾಮನಕಾಶೆಯನ್ನು ಬಿಡಿಸಿ ನೋಡಿದರೆ ಕೆರೆ, ಗುಂಡುತೋಪು, ಹಳ್ಳ, ಬಂಡಿದಾರಿ, ಕಾಲುದಾರಿಗಳೆಲ್ಲ ತಮ್ಮ ತಮ್ಮ ಗುರುತುಗಳೊಡನೆ ಅಲ್ಲಿವೆ. ಸಾರ್ವಜನಿಕರಿಗೆ ಮೀಸಲಾದ ಇಂಥ ಜಾಗವನ್ನು ‘ಬಿ ಖರಾಬು’ ಎಂದು ಕರೆಯುವುದುಂಟು. ಬೆಳೆಗೆ ಬಾರದ್ದು ಎಂಬ ಅರ್ಥದ ಈ ಮಾತು ಕಿವಿಗೆ ಕೀಳಾಗಿ ಕೇಳಿದರೂ ಊರಿನ ಬಡವನಿಗೆ ಉಳಿದಿರುವ ಆಸ್ತಿ ಅದೊಂದೇ. ಉದ್ಯಾನವನ್ನು ಹೊಸದಾಗಿ ಕಟ್ಟುವ ಮಾತಿಗಿಂತ, ಇರುವುದನ್ನು ಕಳೆದುಕೊಳ್ಳದಿರುವ ಮಾತು ಇಲ್ಲಿ ಮುಖ್ಯ.

ಈ ಆಸ್ತಿಗಳಲ್ಲಿ ಓಟಗಾರನಿಗೆ ಅತ್ಯಂತ ಒಪ್ಪುವುದು ಕೆರೆಯ ಏರಿ. ಅದು ಎತ್ತರದಲ್ಲಿದೆ, ಮಣ್ಣಿನದು, ಅಡ್ಡರಸ್ತೆಗಳಿಲ್ಲದ್ದು. ಒಂದು ಬದಿಗೆ ನೀರಿನ ಗಾಳಿ, ಇನ್ನೊಂದು ಬದಿಗೆ ಗದ್ದೆಯ ಹಸುರು. ಸಿಮೆಂಟಿನ ಮೇಲೆ ಓಡಿದ ಮೊಣಕಾಲಿಗೂ ಮಣ್ಣಿನ ಮೇಲೆ ಓಡಿದ ಮೊಣಕಾಲಿಗೂ ಇರುವ ವ್ಯತ್ಯಾಸವನ್ನು ಓಡಿದವರೇ ಹೇಳಬಲ್ಲರು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಏರಿಯ ಮಹತ್ವವನ್ನು ಬೇರೆ ಹೇಳಬೇಕಾದುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನೀರಾವರಿಗೆಂದು ನಿರ್ಮಾಣವಾದ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕುವೆಂಪು ನಿತ್ಯ ಸಂಚರಿಸುತ್ತಿದ್ದರು. ಅವರ ಕಾವ್ಯದಲ್ಲಿ ಆ ಕೆರೆಯ ಸೂರ್ಯೋದಯ ಸೂರ್ಯಾಸ್ತಗಳು ನೆಲೆನಿಂತಿವೆ. ಇಂದು ಆ ಕೆರೆ ಗದ್ದೆಗೆ ನೀರೂಡುವ ಕೆಲಸದಿಂದ ನಿವೃತ್ತವಾಗಿದೆ. ಆದರೂ ಉಳಿದಿದೆ. ಅದಕ್ಕೆ ಕೊಳಚೆ ಸೇರಿದಾಗ ದನಿಯೆತ್ತಿದವರಲ್ಲಿ, ಬೆಳಗು ಬೈಗುಗಳಲ್ಲಿ ಅಲ್ಲಿ ನಡೆಯುವವರು ಮುಂದಿದ್ದರೆಂಬುದನ್ನು ಮರೆಯಬಾರದು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಸಾವಿರ ಅಡಿ ಕೊರೆದರೂ ನೀರು ಕಾಣದ, ಕಂಡರೂ ಫ್ಲೋರೈಡಿನಿಂದ ಕೂಡಿದ ನೀರು ಸಿಗುವ ಜಿಲ್ಲೆಯಲ್ಲಿ ಓಟದ ಹಾದಿಯ ಮಾತು ವಿಲಾಸವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ಆದರೆ ಹಾದಿಯೂ ನೀರೂ ಬೇರೆಬೇರೆಯಲ್ಲ. ಹಿಂದೆ ಪ್ರತಿಯೊಂದು ಕೆರೆಗೂ ಒಬ್ಬ ನೀರುಗಂಟಿಯಿರುತ್ತಿದ್ದ. ತೂಬನ್ನೆತ್ತಿ ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸವೆಂದು ನಾವು ತಿಳಿದಿದ್ದೇವೆ. ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಏರಿಯ ಮೇಲೆ ನಡೆಯುವುದಾಗಿತ್ತು. ಮಳೆಗಾಲದಲ್ಲಿ ಎಲ್ಲಿ ಮಣ್ಣು ಕುಸಿದಿದೆ, ಎಲ್ಲಿ ಜಿನುಗು ಕಾಣಿಸಿದೆ, ಕೋಡಿಯ ಬಾಯಿಯನ್ನು ಯಾರು ಕಟ್ಟಿದ್ದಾರೆ ಎಂಬುದನ್ನು ಅವನ ಕಾಲು ಮೊದಲು ತಿಳಿಯುತ್ತಿತ್ತು. ಆಮೇಲೆ ಊರಿಗೆ ಸುದ್ದಿ. ಕೊಳವೆಬಾವಿಗಳು ಬಂದ ಮೇಲೆ ಕೆರೆಯ ನೀರನ್ನು ಕಾಯುವವರು ಕಡಿಮೆಯಾದರು, ನೀರುಗಂಟಿ ಮರೆಯಾದ. ಯಾರೂ ನಡೆಯದ ಏರಿಯನ್ನು ಜಾಲಿ ಮುಚ್ಚಿತು. ಮುಚ್ಚಿದ ಏರಿಯ ಹಿಂದೆ ಅಂಗಳವನ್ನು ಒತ್ತುವುದಕ್ಕೆ ಯಾರ ಅಂಜಿಕೆಯೂ ಉಳಿಯಲಿಲ್ಲ.

2021ರ ನವೆಂಬರಿನ ಮಳೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಎಷ್ಟೋ ಕೆರೆಗಳು ಬಹುಕಾಲದ ಮೇಲೆ ಕೋಡಿಬಿದ್ದವು. ನೀರಿನ ದಾರಿಯಲ್ಲಿ ಮನೆ ಕಟ್ಟಿಕೊಂಡವರಿಗೆ ಆಗ ಕೆರೆಯ ಎಲ್ಲೆ ಯಾವುದೆಂದು ತಿಳಿಯಿತು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆಯೂ ಬಂದಿದೆ. ಆ ನೀರಿನ ಶುದ್ಧಿ ಎಷ್ಟೆಂಬ ವಾದವೂ ನಡೆದಿದೆ. ಇಂಥ ಕಾಲದಲ್ಲಿ ಕೆರೆಗೆ ಬೇಕಾದುದು ದಿನವೂ ಅದನ್ನು ನೋಡುವ ಕಣ್ಣು. ನೊರೆ ಬಂದರೆ, ಮೀನು ಸತ್ತರೆ, ರಾತ್ರಿ ಯಾರೋ ಮಣ್ಣು ಸುರಿದರೆ, ಮರುದಿನ ನಸುಕಿನಲ್ಲಿ ಓಡಿ ಬಂದ ಇಪ್ಪತ್ತು ಜನ ಅದನ್ನು ಕಾಣುತ್ತಾರೆ. ನೀರುಗಂಟಿಯ ಹುದ್ದೆಯನ್ನು ಓಟಗಾರ ತನಗರಿವಿಲ್ಲದೆಯೇ ನಿರ್ವಹಿಸಬಲ್ಲ.

ಏರಿಯ ಮಾತಾದ ಮೇಲೆ ಹೊಳೆಯ ಮಾತು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಈ ಸೀಮೆಯನ್ನು ಹಾದು, ಗೌರಿಬಿದನೂರನ್ನು ದಾಟಿ, ಆಂಧ್ರವನ್ನು ಸೇರಿ, ಸುಮಾರು 600 ಕಿಲೋಮೀಟರು ಹರಿದು ನೆಲ್ಲೂರಿನ ಬಳಿ ಕಡಲನ್ನು ಮುಟ್ಟುತ್ತದೆ. ಹುಟ್ಟೂರಿನಲ್ಲಿ ಅದು ವರ್ಷದ ಬಹುಭಾಗ ಬತ್ತಿದ ಹೊಳೆ. ಬತ್ತಿದ್ದೆಂಬ ಕಾರಣಕ್ಕೆ ಅದು ಮರಳಿನ ಗಣಿಯೂ ಕಸದ ಗುಂಡಿಯೂ ಆಗಬೇಕೆಂದೇನಿಲ್ಲ. ಇದರ ದಂಡೆಯಲ್ಲಿಯೇ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆಂದು ಅಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹೊಳೆಯ ದಂಡೆ ನಮ್ಮ ಜನ ಒಟ್ಟುಗೂಡುವ ನೆಲವಾಗಿತ್ತೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ದಂಡೆಯನ್ನು ನಡಿಗೆಗೆ ತೆರೆಯುವ ಯತ್ನಗಳು ಅನ್ಯತ್ರ ನಡೆದಿವೆ. ಶಿವಮೊಗ್ಗದಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ತುಂಗೆಯ ದಂಡೆಯುದ್ದಕ್ಕೂ ನಡಿಗೆಯ ಹಾದಿ ನಿರ್ಮಾಣವಾಗಿದೆ. ಅಹಮದಾಬಾದಿನ ಸಾಬರಮತಿಯ ದಂಡೆ ದೇಶದಲ್ಲೆಲ್ಲ ಮಾದರಿಯಾಗಿ ಉದ್ಧೃತವಾಗುತ್ತದೆ. ಆದರೆ ಆ ಮಾದರಿಯನ್ನು ಪೂರ್ತಿಯಾಗಿ ನೋಡಬೇಕು. ಸಾಬರಮತಿಯೂ ಮಳೆಯ ಹೊಳೆಯೇ. ಪಟ್ಟಣದ ಎದುರಿನಲ್ಲಿ ಸದಾ ನಿಂತಿರುವ ನೀರು ನರ್ಮದೆಯ ಕಾಲುವೆಯದು. ದಂಡೆಗಳು ಸಿಮೆಂಟಿನ ಗೋಡೆಗಳಾದುವು. ಅಲ್ಲಿ ನೆಲಸಿದ್ದ ಸಾವಿರಾರು ಬಡ ಕುಟುಂಬಗಳು ಎತ್ತಂಗಡಿಯಾದುವು. ನದಿಯನ್ನು ಕಾಲುವೆಯಾಗಿಸಿ, ಬಡವನನ್ನು ಕದಲಿಸಿ ಮಾಡಿದ ಹಾದಿಯ ಮೇಲೆ ಓಡುವವರಾರು? ಪಿನಾಕಿನಿಯ ದಂಡೆಗೆ ಅಂಥದು ಬೇಡ. ಕುರಿ ಕಾಯುವವನೂ ಬಟ್ಟೆ ಒಗೆಯುವವಳೂ ಓಡುವ ಹುಡುಗನೂ ಒಂದೇ ಹಾದಿಯಲ್ಲಿ ಹೋಗುವಷ್ಟು ಅಗಲವಾದ ಮಣ್ಣಿನ ದಾರಿ ಸಾಕು.

ಕಾನೂನಿನ ಬಲ ನಮಗಿಲ್ಲವೆಂದಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗಾಗಿ ರಾಜ್ಯದಲ್ಲಿ 1985ರ ಅಧಿನಿಯಮವಿದೆ. ಇಂಥ ಜಾಗಗಳ ಪಟ್ಟಿ ತಯಾರಾಗಬೇಕು, ಪಟ್ಟಿಗೆ ಸೇರಿದ್ದನ್ನು ಅನ್ಯ ಉದ್ದೇಶಕ್ಕೆ ಬಳಸಕೂಡದು ಎಂಬುದು ಅದರ ತಿರುಳು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ನೆಲವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತಿತು. ಆದರೆ ಕಾನೂನು ಸಡಿಲವಾಗುವುದೂ ಉಂಟು. ಕೆರೆಗಳ ಸುತ್ತ 30 ಮೀಟರು ಬಿಡಬೇಕೆಂಬ ನಿಯಮವನ್ನು ಬದಲಿಸಿ, ಕೆರೆಯ ವಿಸ್ತಾರ ಕಿರಿದಾದಂತೆ ಅಂಚನ್ನೂ ಕಿರಿದುಗೊಳಿಸುವ ತಿದ್ದುಪಡಿ ಮಸೂದೆಯನ್ನು 2025ರ ಆಗಸ್ಟಿನಲ್ಲಿ ವಿಧಾನಸಭೆ ಅಂಗೀಕರಿಸಿತು. ರಾಜಧಾನಿಯ ದೊಡ್ಡ ಕೆರೆಗಳಿಗೆ ಕಾವಲಾಗಿ ಸಂಘಗಳಿವೆ, ಪತ್ರಿಕೆಗಳಿವೆ. ಸಣ್ಣ ಊರಿನ ಸಣ್ಣ ಕೆರೆಗೆ ಆ ಅಂಚೇ ಕಾವಲು, ಆ ಅಂಚೇ ಹಾದಿ. ಅದು ಕಿರಿದಾದರೆ ಎರಡೂ ಹೋಗುತ್ತವೆ.

ಆಗಬೇಕಾದುದು ದೊಡ್ಡ ವೆಚ್ಚದ ಕಾರ್ಯವೇನಲ್ಲ. ಮಂಚೇನಹಳ್ಳಿಯ ಮತ್ತು ಸುತ್ತಣ ಹಳ್ಳಿಗಳ ಗ್ರಾಮನಕಾಶೆಗಳನ್ನು ತೆಗೆದು, ಕೆರೆ, ತೋಪು, ಕಾಲುದಾರಿಗಳನ್ನು ಅಳೆದು ಎಲ್ಲೆಗಲ್ಲು ನೆಡಬೇಕು. ಬಡಾವಣೆಗಳ ನಕಾಶೆಗೆ ಒಪ್ಪಿಗೆ ನೀಡುವ ಮುನ್ನ ಇದು ಆಗತಕ್ಕದ್ದು. ಆಮೇಲೆ ಮಾಡಿದರೆ ಅದು ಮೊಕದ್ದಮೆಯಾಗುತ್ತದೆ. ಏರಿಯ ಜಾಲಿಯನ್ನು ಕಡಿದು, ಮಣ್ಣನ್ನು ಸಮಗೊಳಿಸಿ, ನೂರು ನೂರು ಮೀಟರಿಗೊಂದು ಕಲ್ಲು ನಿಲ್ಲಿಸಿದರೆ ಹುಡುಗರಿಗೆ ತಮ್ಮ 1600 ಮೀಟರಿನ ಲೆಕ್ಕ ಸಿಗುತ್ತದೆ. ಏರಿಯ ಮೈಮೇಲೆ ಮಾತ್ರ ದೊಡ್ಡ ಮರ ನೆಡಬಾರದು. ಬೇರು ಮಣ್ಣಿನ ಕಟ್ಟೆಯನ್ನು ಸಡಿಲಿಸುತ್ತದೆಂದು ಎಂಜಿನಿಯರರು ಎಚ್ಚರಿಸುತ್ತಾರೆ. ನೆರಳಿಗೆ ತೋಪಿದೆ. ಬೆಳಗಿನ ಹೊತ್ತು ಹೆಣ್ಣುಮಕ್ಕಳು ನಿರ್ಭಯವಾಗಿ ಬರಲು ನಾಲ್ಕು ದೀಪ, ಜೊತೆಗೆ ಊರಿನ ಹಿರಿಯರ ನಡಿಗೆ, ಇವೆರಡಿದ್ದರೆ ಬೇರೆ ಕಾವಲು ಬೇಕಾಗದು. ಶಾಲಾ ಕಾಲೇಜುಗಳ ಉಪಾಧ್ಯಾಯರು ತಿಂಗಳಿಗೊಮ್ಮೆ ವಿದ್ಯಾರ್ಥಿಗಳೊಡನೆ ಈ ಹಾದಿಗಳಲ್ಲಿ ನಡೆದು, ಎಲ್ಲೆಗಲ್ಲುಗಳು ಸ್ವಸ್ಥಾನದಲ್ಲಿವೆಯೇ ಎಂದು ನೋಡಿ ಬಂದರೆ ಅದೊಂದು ಭೂಗೋಳದ ಪಾಠ, ಪೌರನೀತಿಯ ಪಾಠವೂ ಹೌದು.

ಕಟ್ಟಡಗಳನ್ನು ಮುಂದಿನ ವರ್ಷವೂ ಕಟ್ಟಬಹುದು. ಒಮ್ಮೆ ಬೇಲಿಯೊಳಗೆ ಸೇರಿಹೋದ ಕಾಲುದಾರಿಯನ್ನು, ನಿವೇಶನವಾಗಿ ಮಾರಾಟವಾದ ತೋಪನ್ನು ಮರಳಿ ತರುವ ತಾಲ್ಲೂಕು ಕಚೇರಿ ಯಾವುದೂ ಇಲ್ಲ. ನೇಮಕಾತಿಯ ಪ್ರಕಟಣೆ ಮತ್ತೆ ಬರುತ್ತದೆ. ಹುಡುಗರು ಮತ್ತೆ ನಸುಕಿನಲ್ಲಿ ಎದ್ದು ಹೊರಡುತ್ತಾರೆ. ಅವರು ಬಲಕ್ಕೆ ತಿರುಗಿ ಹೆದ್ದಾರಿಗೆ ಹೋಗಬೇಕೋ, ಎಡಕ್ಕೆ ತಿರುಗಿ ಏರಿಯನ್ನು ಹತ್ತಬೇಕೋ ಎಂಬುದನ್ನು ಈಗ ನಿಶ್ಚಯಿಸಬೇಕಾದವರು ಹಿರಿಯರಾದ ನಾವು.