ಮನೆಯ ಯಂತ್ರ: ಮೊಂಡು ಹಿಡಿದ ಸ್ಕೂಟರ್

ಮಳೆಗಾಲದ ಮುಂಜಾನೆ ಕಾಸರಗೋಡಿನ ಅಂಗಳಗಳಲ್ಲಿ ಹಳೆಯ ಟೂ-ಸ್ಟ್ರೋಕ್ ಸ್ಕೂಟರನ್ನು ಒದೆಯುವ ಸದ್ದು ವಾಚಕರಿಗೆ ಪರಿಚಿತವೇ. ಹತ್ತು ಬಾರಿ ಒದ್ದರೆ ಒಮ್ಮೆ ಹೊತ್ತಿಕೊಳ್ಳುತ್ತದೆ. ಕೈ ಸಡಿಲಿಸಿದೊಡನೆ ಆರಿಹೋಗುತ್ತದೆ. ಕಳೆದ ಆಟಿ ತಿಂಗಳಲ್ಲಿ, ಜ್ವರದ ಮಗುವನ್ನು ವೈದ್ಯರಲ್ಲಿಗೆ ಒಯ್ಯುತ್ತಿದ್ದಾಗ ನನ್ನ ವಾಹನ ರೈಲ್ವೆ ಗೇಟಿನ ಮುಂದೆ ಹೀಗೆಯೇ ನಿಂತುಬಿಟ್ಟಿತು. ಗಾಬರಿಯಲ್ಲಿ ನಾನು ಕಾರ್ಬುರೇಟರಿನ ತಿರುಪುಗಳನ್ನೆಲ್ಲ ತಿರುಗಿಸಿದೆ. ಅದೇ ನನ್ನ ತಪ್ಪು.

ತಿರುಪಿಗೆ ಕೈಹಚ್ಚುವ ಮುನ್ನ, ಇಂಜಿನು ತಣ್ಣಗಾದ ಮೇಲೆ, ಪ್ಲಗ್ಗನ್ನು ಬಿಚ್ಚಿ ನೋಡಬೇಕು. ರೋಗಿಯ ನಾಲಗೆಯಂತೆ ಅದು ಒಳಗಿನ ಸ್ಥಿತಿಯನ್ನು ತಿಳಿಸುತ್ತದೆ. ತುದಿ ಒದ್ದೆಯಾಗಿದ್ದರೆ ಪೆಟ್ರೋಲು ತಲುಪಿದೆ, ಉರಿದಿಲ್ಲ; ಮಸಿ ತೆಗೆದು, ಒಣಗಿಸಿ, ಅಂತರವನ್ನು ಸುಮಾರು 0.6 ಮಿಲಿಮೀಟರಿಗೆ ಹೊಂದಿಸಿರಿ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ನಲ್ಲಿಯನ್ನೂ ಜಾಲರಿಯನ್ನೂ ಪರೀಕ್ಷಿಸಿರಿ. ಎಣ್ಣೆಯನ್ನು ಅಳತೆ ಮೀರಿ ಬೆರೆಸಿದರೂ ಪ್ಲಗ್ಗಿಗೆ ಮಸಿ ಕಟ್ಟುತ್ತದೆ.

ಹೊತ್ತಿಕೊಂಡ ಇಂಜಿನು ನಿಧಾನಗತಿಯಲ್ಲಿ ಉಳಿಯದಿದ್ದರೆ ಪೈಲಟ್ ಜೆಟ್ಟನ್ನು ಶಂಕಿಸಬೇಕು. ವಾಹನ ವಾರಗಟ್ಟಲೆ ನಿಂತಾಗ ಪೆಟ್ರೋಲು ಆವಿಯಾಗಿ, ಉಳಿದ ಜಿಗುಟು ಅದರ ಸೂಕ್ಷ್ಮ ರಂಧ್ರವನ್ನು ಮುಚ್ಚುತ್ತದೆ. ತಂತಿಯಿಂದ ಚುಚ್ಚಿದರೆ ರಂಧ್ರ ಕೆಡುವುದು. ತೊಳೆದು ಗಾಳಿ ಊದುವುದೇ ಲೇಸು. ಈ ಕೆಲಸವೆಲ್ಲ ಬಯಲಿನಲ್ಲಿ, ಬೆಂಕಿಯಿಂದ ದೂರ ನಡೆಯಲಿ. ಮುಚ್ಚಿದ ಕೊಠಡಿಯಲ್ಲಿ ಇಂಜಿನು ಓಡಿಸಿದರೆ ಅದರ ಹೊಗೆ ಪ್ರಾಣಾಂತಿಕ.

ಆಟೋ ಹಿಡಿದು ವೈದ್ಯರಲ್ಲಿಗೆ ತಲುಪಿದೆವು, ಮಗು ಗುಣವಾಯಿತು. ವಾಹನದ ದೋಷವಿದ್ದುದು ಆ ರಂಧ್ರದಲ್ಲಿಯೇ. ಅದನ್ನು ತೊಳೆಯಲು ಅರ್ಧ ಗಂಟೆ ಸಾಕಾಯಿತು. ನಾನು ಕೆಡಿಸಿದ ತಿರುಪುಗಳನ್ನು ಸರಿಪಡಿಸಲು ಮೂರು ದಿನ ಬೇಕಾಯಿತು.